ಯುದ್ಧದಲ್ಲಿ ನಾನು ಹಿಡಿಯದ ಕತ್ತಿ

ನಾನು ಯುದ್ಧದಲ್ಲಿ ಕತ್ತಿ ಬೀಸಿ ಹತ್ತಾರು ಶತ್ರುಗಳ ರುಂಡ ಚೆಂಡಾಡಿದ್ದೇನೆ ಎಂಬ ಸಂಗತಿ ನನಗೆ ಮೊದಲು ತಿಳಿದದ್ದು ಕುರುಗೋಡಿನ ಒಂದು ಸನ್ಮಾನ ಸಮಾರಂಭದಲ್ಲಿ. ವೇದಿಕೆಯ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ಹಿಮದ ಗುಡ್ಡದ ಮೇಲೆ ಒಬ್ಬಂಟಿಯಾಗಿ ಶತ್ರುಗಳ ಬಂಕರಿಗೆ ನುಗ್ಗಿದ ವೀರನೊಬ್ಬನ ಕಥೆ ಹೇಳುತ್ತಿದ್ದರು. ನನಗೂ ಮೈ ಜುಂ ಅಂತು. ಪಕ್ಕದಲ್ಲಿದ್ದವರನ್ನು ಮೆಲ್ಲಗೆ, "ಯಾರ್ರೀ ಅವರು?" ಎಂದು ಕೇಳಿದೆ. ಅವರು ನನ್ನನ್ನು ಕೆಕ್ಕರಿಸಿ ನೋಡಿ, "ನೀವ ಅಲ್ಲೇನ್ರಿ!" ಅಂದರು.

ನಾನು ಎದ್ದು ನಿಂತು, "ಹಂಗೇನಿಲ್ರಿ, ಯುದ್ಧಕ್ಕ ಯಾರೂ ಕತ್ತಿ ಒಯ್ಯಂಗಿಲ್ಲ. ನಾನು ಅಲ್ಲಿ ಸಾಮಾನು ಹೊತ್ತೀನಿ" ಅಂದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ನನ್ನ ವಿನಯವನ್ನು ಮೆಚ್ಚಿ ಇನ್ನೊಂದು ಶಾಲು ಹೊದಿಸಿದರು. ಅಲ್ಲಿಂದ ಕಥೆ ಬಸ್ಸು ಹತ್ತಿ ಬಳ್ಳಾರಿಗೆ ಬರುವಷ್ಟರಲ್ಲಿ ನಾನು ಕೊಂದವರ ಸಂಖ್ಯೆ ಎರಡರಷ್ಟಾಗಿತ್ತು. ಸಿರುಗುಪ್ಪದಲ್ಲಿ ಎಣಿಸುವುದನ್ನೇ ಬಿಟ್ಟಿದ್ದರು.

ಈಗ ನಿವೃತ್ತನಾಗಿದ್ದೇನೆ. ಬಳ್ಳಾರಿಯ ಕೌಲ್ ಬಜಾರಿನ ಹತ್ತಿರ ಮನೆ. ಫೆನ್ಸಿಂಗ್ ಎಂಬ ಕತ್ತಿವರಸೆ ಆಟದ ಕೋಚ್ ಆಗಲು ಹೊರಟ ಹುಡುಗ ಹುಡುಗಿಯರು ಆಗಾಗ ಹುಡುಕಿಕೊಂಡು ಬಂದು, "ಸರ್, ಟಿಪ್ಸ್ ಕೊಡ್ರಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಯಾವ ಕಂಪನಿಯ ಬ್ಲೇಡು ಚೆನ್ನ, ವಿದೇಶದ ಶಿಬಿರಕ್ಕೆ ಹೋಗುವುದು ಹೇಗೆ, ಇಂಥವು. ಅವೆಲ್ಲ ಮೊಬೈಲಿನಲ್ಲಿ ಸಿಗುತ್ತವೆ. ಅಲ್ಲಿ ಸಿಗದಿರುವುದನ್ನು ಇಲ್ಲಿ ಬರೆಯುತ್ತೇನೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಸಿಕ್ಕಿದ್ದು ಅಷ್ಟಕ್ಕಷ್ಟೇ ಎಂಬುದೂ ಅದಕ್ಕೊಂದು ಕಾರಣ.

ನನ್ನ ಹೆಸರು ದೊಡ್ಡಬಸಪ್ಪ. ಕುರುಗೋಡಿನಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಅರ್ಧ ಜನಕ್ಕೆ ಇದೇ ಹೆಸರು, ಹಾಗಾಗಿ ಅದರಲ್ಲೇನೂ ವಿಶೇಷವಿಲ್ಲ. ವಿಶೇಷವಿದ್ದದ್ದು ನನ್ನ ಎಡಗೈಯಲ್ಲಿ. ನಾನು ಎಡಚ. ಎಡಗೈಯಲ್ಲಿ ಉಂಡರೆ ಅವ್ವ ಹೊಡೆಯುತ್ತಿದ್ದಳು, ಎಡಗೈಯಲ್ಲಿ ಬರೆದರೆ ಸಾಲಿಯ ಮಾಸ್ತರು ಹೊಡೆಯುತ್ತಿದ್ದರು, ಗುಡಿಯಲ್ಲಿ ಎಡಗೈ ಚಾಚಿ ಪ್ರಸಾದ ಕೇಳಿದರೆ ಗುರುತು ಪರಿಚಯ ಇಲ್ಲದವರೂ ಹೊಡೆದು ಹೋಗುತ್ತಿದ್ದರು. ಇಷ್ಟು ಏಟು ತಿಂದ ಕೈಯನ್ನು ತೆಗೆದುಕೊಂಡು ಸೈನ್ಯಕ್ಕೆ ಸೇರಿದೆ.

ಅಲ್ಲಿ ನಮ್ಮ ಪಡೆಯ ದೊಡ್ಡ ಅಧಿಕಾರಿಗೆ ಒಂದು ಫೆನ್ಸಿಂಗ್ ತಂಡ ಕಟ್ಟುವ ಹುಕಿ ಬಂತು. ಪಕ್ಕದ ಪಡೆಯವರ ಬಳಿ ಇದೆ, ನಮ್ಮ ಬಳಿ ಇಲ್ಲ ಎಂಬುದಷ್ಟೇ ಕಾರಣ. ಕಲಿಸಲು ಒಬ್ಬ ಹವಾಲ್ದಾರರು ಬಂದರು. ಸೈನ್ಯದಲ್ಲಿ ಕಲಿಸುವವರನ್ನೆಲ್ಲ ಉಸ್ತಾದ್ ಎನ್ನುತ್ತಾರೆ. ಉಸ್ತಾದ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರತ್ತ ಒಂದೊಂದು ಕಲ್ಲು ಎಸೆದರು. ನಾನು ಎಡಗೈಯಲ್ಲಿ ಹಿಡಿದೆ. ಎಡಚರು ಎದುರಿಗೆ ನಿಂತರೆ ಬಲಗೈಯವರು ತಬ್ಬಿಬ್ಬಾಗುತ್ತಾರೆ, ಆದ್ದರಿಂದ ಈ ಆಟದಲ್ಲಿ ಎಡಚರಿಗೆ ಬಹಳ ಬೆಲೆ. ಹೀಗೆ ಕುರುಗೋಡಿನವರೆಲ್ಲ ಸೇರಿ ಸರಿಮಾಡಲು ಹೊರಟ ಕೈಯೇ ನನ್ನನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿತು.

ಆಟ ಏನೆಂದು ಎರಡು ಮಾತು ಹೇಳಿಬಿಡುತ್ತೇನೆ. ನನ್ನದು ಎಪೇ ಎಂಬ ಬಗೆ. ತೆಳ್ಳನೆಯ, ಅಲಗೇ ಇಲ್ಲದ ಬ್ಲೇಡು. ತುದಿಯಲ್ಲೊಂದು ಸ್ಪ್ರಿಂಗಿನ ಗುಂಡಿ. ಎದುರಾಳಿಯ ನೆತ್ತಿಯಿಂದ ಉಂಗುಷ್ಠದವರೆಗೆ ಎಲ್ಲಿ ಚುಚ್ಚಿದರೂ ಗುಂಡಿ ಒತ್ತಿ ಪಕ್ಕದ ಯಂತ್ರದಲ್ಲಿ ದೀಪ ಹತ್ತುತ್ತದೆ, ಒಂದು ಅಂಕ ಸಿಗುತ್ತದೆ. ಯಂತ್ರಕ್ಕೆ ಕಾಲು ಯಾವುದು, ನೆಲ ಯಾವುದು ಗೊತ್ತಾಗುವುದಿಲ್ಲ. ಬರೀ ನೆಲಕ್ಕೆ ಚುಚ್ಚಿದರೂ ಅದು ಸಂತೋಷದಿಂದ ದೀಪ ಹತ್ತಿಸುತ್ತದೆ. ದೊಡ್ಡ ಪಂದ್ಯಗಳಲ್ಲಿ ಇದನ್ನು ತಪ್ಪಿಸಲು ಲೋಹದ ಹಾಸು ಹಾಸಿರುತ್ತಾರೆ, ಸಣ್ಣವುಗಳಲ್ಲಿ ತೀರ್ಪುಗಾರನ ಕಣ್ಣೇ ಗತಿ. ಮೊದಲ ಸಲ ರಜೆಗೆ ಬಂದಾಗ ಈ ಆಯುಧವನ್ನು ಊರಿಗೆ ತಂದಿದ್ದೆ. ನಮ್ಮ ಓಣಿಯ ಹಿರಿಯರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನಲೇ ಬಸ್ಯಾ, ಮಿಲಿಟ್ರಿಗೆ ಹೋಗಿ ಕಬಾಬ್ ಸುಡೋ ಕಂಬಿ ತಂದೀಯಲ್ಲೋ" ಅಂದರು.

ಉಸ್ತಾದರ ಬಳಿ ದೀಪದ ಯಂತ್ರವಿತ್ತು, ಆದರೆ ಅಧಿಕಾರಿಗಳು ನೋಡಲು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಉಳಿದ ದಿನ ಒಂದೇ ನಿಯಮ: "ಲಗಾ ತೋ ಬೋಲ್." ಚುಚ್ಚಿಸಿಕೊಂಡವನೇ ಬಾಯಿಬಿಟ್ಟು ಹೇಳಬೇಕು. ಹೇಳದೆ ಆಟ ಮುಂದುವರಿಸಿದವನು ಆ ಪೂರ್ತಿ ದಿರಿಸಿನಲ್ಲೇ ಮೈದಾನ ಸುತ್ತಬೇಕು. ನನ್ನ ಜೋಡಿ ಓಬುಳೇಶು ಎಂಬ ಹುಡುಗ, ಗಡಿಯಾಚೆ ಆದೋನಿ ಕಡೆಯವನು. ತೆಲುಗಿನವನಾದರೂ ನನ್ನ ಕನ್ನಡ ಅವನಿಗೆ ಬರುತ್ತಿತ್ತು, ಅವನ ತೆಲುಗು ನನಗೆ. ನನ್ನ ಬ್ಲೇಡು ಅವನ ಮೈಗೆ ತಾಗುವ ಮೊದಲೇ "ತಗಿಲಿಂದಿ ರಾ ಬಸಪ್ಪಾ" ಎಂದುಬಿಡುತ್ತಿದ್ದ. ತಾಗಿತು ಎಂದು ಒಪ್ಪಿಕೊಳ್ಳುವಾಗ ಅಷ್ಟು ಖುಷಿಪಡುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಬೇರೆ ಯಾರೊಂದಿಗೂ ಅಷ್ಟು ನಗುನಗುತ್ತಾ ಜಗಳಾಡಿದ್ದೂ ಇಲ್ಲ.

ಯುದ್ಧ ಶುರುವಾಯಿತು. ಕ್ರೀಡಾಪಟುಗಳನ್ನು ಸರ್ಕಾರ ಜೋಪಾನವಾಗಿ ಇಟ್ಟುಕೊಳ್ಳುತ್ತದೆ ಎಂದು ನಾವು ನಂಬಿದ್ದೆವು. ಜೋಪಾನವಾಗಿ ಪೆಟ್ಟಿಗೆ ಸೇರಿದ್ದು ಕತ್ತಿಗಳು. ನಾವು ರೈಲು ಹತ್ತಿದೆವು.

ಗುಡ್ಡದ ಬುಡದಲ್ಲಿ ನಮ್ಮ ಸುಬೇದಾರರು ಚಾಂಪಿಯನ್‌ನ ತೊಡೆಗಳನ್ನು ನೋಡಿ ಬಹಳ ಸಂತೋಷಪಟ್ಟು ಉಳಿದವರಿಗಿಂತ ದುಪ್ಪಟ್ಟು ಹೊರೆ ಹೊರಿಸಿದರು. ಹೇಸರಗತ್ತೆಗಳು ಹತ್ತಲಾರದ ಜಾಗಕ್ಕೆ ನಾವು ಹತ್ತಬೇಕಿತ್ತು. ಮೇಲಕ್ಕೆ ಗುಂಡು, ಸೀಮೆಎಣ್ಣೆ, ನೀರು. ಕೆಳಕ್ಕೆ ಗಾಯಗೊಂಡವರು. ಆಮೇಲೆ ಆಮೇಲೆ, ಸತ್ತವರು. ನಾನು ಅಲ್ಲಿ ಒಬ್ಬ ಶತ್ರುವಿನ ಮುಖವನ್ನೂ ನೋಡಲಿಲ್ಲ. ನೋಡಿದ್ದು ಮುಂದೆ ಹತ್ತುತ್ತಿದ್ದವನ ಹಿಮ್ಮಡಿಗಳನ್ನು ಮಾತ್ರ. ಒಂದು ದಿನ ಮೇಲಿನ ಠಾಣ್ಯದ ಮೇಲೆ ಷೆಲ್ ಬಿದ್ದು ಓಬುಳೇಶು ಸತ್ತ. ಅವನನ್ನು ಕೆಳಗೆ ಹೊತ್ತು ತಂದವನು ನಾನು. ಇದರ ಬಗ್ಗೆ ತಮಾಷೆ ಮಾಡಲು ನನಗೆ ಈವತ್ತಿಗೂ ಬರುವುದಿಲ್ಲ, ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಸೈನ್ಯ ಬಿಟ್ಟ ಮೇಲೆ ಬಳ್ಳಾರಿಯ ಒಂದು ಖಾಸಗಿ ಕ್ರೀಡಾ ಕೇಂದ್ರದಲ್ಲಿ ಕೋಚ್ ಕೆಲಸ ಸಿಕ್ಕಿತು. ಕೇಂದ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಹುಡುಕಿಕೊಂಡು ಬಂದು ಮತ್ತೊಮ್ಮೆ ಸನ್ಮಾನ ಮಾಡಿಬಿಟ್ಟಾರು. ಅಲ್ಲಿನ ನಿರ್ದೇಶಕ ಸಾಹೇಬರು ಮೊದಲ ದಿನವೇ ನನ್ನನ್ನು ಕರೆಸಿ, "ಬಸಪ್ಪನವ್ರ, ನಾಳೆ ಮಂತ್ರಿಗಳು ಬರ್ತಾರ. ಪೇಟಾ ಸುತ್ಕೊಂಡು, ಕತ್ತಿ ಹಿರಕೊಂಡು ಗೇಟಿನಾಗ ನಿಂದರ್ರಿ" ಎಂದರು.

"ನಮ್ಮ ಕತ್ತಿ ನೋಡಿದ್ರ ಅವರು ನಗ್ತಾರ್ರಿ ಸಾಹೇಬ್ರ."

"ಹಂಗಾದ್ರ ನಾಟಕ ಕಂಪನಿಯಿಂದ ಒಂದು ಬಾಡಿಗಿ ತರಸ್ತೀನಿ ತಗೋರಿ."

ತರಿಸಿದರು. ರಾಷ್ಟ್ರೀಯ ಚಾಂಪಿಯನ್ ಆಗಿದ್ದವನು, ಬೆಳ್ಳಿ ಬಣ್ಣ ಬಳಿದ ಮರದ ಕತ್ತಿ ಹಿಡಿದು ಗೇಟಿನಲ್ಲಿ ನಿಂತೆ. ಮಂತ್ರಿಗಳು ಬರಲಿಲ್ಲ. ಅವರ ಬದಲಿಗೆ ಬಂದವರು ನನ್ನನ್ನು ಕಾವಲುಗಾರನೆಂದು ತಿಳಿದು ಕಾರು ನಿಲ್ಲಿಸುವ ಜಾಗ ಕೇಳಿದರು. ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ನೆನಪಿಡಿ: ನಿಮ್ಮ ಆಟ ನಿಮ್ಮ ಮೇಲಧಿಕಾರಿಗೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಗೊತ್ತಿದೆ ಎಂದು ಅವರು ತಿಳಿದುಕೊಂಡಾಗ ಕಷ್ಟ ಶುರುವಾಗುತ್ತದೆ.

ಕೇಂದ್ರಕ್ಕೆ ದೀಪದ ಯಂತ್ರ ಬಂತು. ಸಾಹೇಬರು ಅದನ್ನು ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿ ಬಹುಮಾನದ ಕಪ್ಪುಗಳ ಪಕ್ಕ ಇಟ್ಟು ಬೀಗ ಹಾಕಿದರು. ಕೇಳಿದರೆ, "ಹುಡುಗ್ರು ಕೆಡಸ್ತಾರ" ಎನ್ನುವರು. ಅತಿಥಿಗಳು ಬಂದಾಗ ತಾವೇ ಗುಂಡಿ ಒತ್ತಿ ಕೆಂಪು ದೀಪ, ಹಸಿರು ದೀಪ ತೋರಿಸುವರು. ಅತಿಥಿಗಳು "ಭಾರಿ ಐತಿ" ಎಂದು ತಲೆದೂಗಿ ಚಹಾ ಕುಡಿದು ಹೋಗುವರು. ಆ ಯಂತ್ರ ನನ್ನ ಇಡೀ ನೌಕರಿಯಲ್ಲಿ ಒಂದೇ ಒಂದು ಅಂಕ ತೋರಿಸಲಿಲ್ಲ, ಆದರೆ ಅದರಷ್ಟು ಮೆಚ್ಚುಗೆ ಪಡೆದ ಸಿಬ್ಬಂದಿ ಅಲ್ಲಿ ಬೇರೊಬ್ಬರಿರಲಿಲ್ಲ.

ಜಾಕೆಟ್ಟುಗಳ ಕಥೆ ಇನ್ನೂ ಚೆನ್ನಾಗಿದೆ. ಈ ಆಟಕ್ಕೆ ದಪ್ಪನೆಯ ಬಿಳಿ ಜಾಕೆಟ್ಟು ಬೇಕು. ಅದು ಬರುವುದು ತಡವಾದಾಗ ನನಗೊಂದು ಬುದ್ಧಿ ಹೊಳೆಯಿತು. ಬಳ್ಳಾರಿಯಲ್ಲಿ ಗಲ್ಲಿಗೊಂದು ಜೀನ್ಸ್ ಹೊಲಿಯುವ ಕಾರ್ಖಾನೆ ಇದೆ. ಜೀನ್ಸ್ ಬಟ್ಟೆಗಿಂತ ಗಟ್ಟಿ ಇನ್ನೇನು ಬೇಕು ಎಂದುಕೊಂಡು ಪರಿಚಯದ ಟೈಲರ್ ಒಬ್ಬನಿಗೆ ಅಳತೆ ಕೊಟ್ಟೆ. ಹೊಲಿಗೆ ಅದ್ಭುತವಾಗಿತ್ತು. ಆದರೆ ಹುಟ್ಟಿದಾಗಿನಿಂದ ಪ್ಯಾಂಟನ್ನೇ ಹೊಲಿದವನ ಕೈ, ಹಿಂಬದಿ ಎಂದ ಕೂಡಲೇ ಎರಡು ಜೇಬು ಹಚ್ಚಿಬಿಟ್ಟಿತ್ತು. ಬೆನ್ನ ಮೇಲೆ ಜೇಬಿರುವ ನೀಲಿ ಜಾಕೆಟ್ಟು ತೊಟ್ಟ ಬಳ್ಳಾರಿ ತಂಡವನ್ನು ನೋಡಲು ಆ ವರ್ಷದ ಪಂದ್ಯಾವಳಿಯಲ್ಲಿ ಬೇರೆ ಆಟಗಳವರೂ ಬಂದಿದ್ದರು. ತೀರ್ಪುಗಾರರು ಒಪ್ಪಲಿಲ್ಲ. ಎದುರು ತಂಡದವರಿಂದಲೇ ಬಿಳಿಯವನ್ನು ಬೇಡಿ ತಂದು ಅವರ ಕೈಯಲ್ಲೇ ಸೋತೆವು.

ಹೀಗೆ ಯಂತ್ರವಿಲ್ಲದ ಕಾರಣ ನಾನು ಉಸ್ತಾದರ ನಿಯಮವನ್ನೇ ಬಳ್ಳಾರಿಗೆ ತಂದೆ. ತಾಗಿಸಿಕೊಂಡವರು "ಬಿತ್ತು" ಎನ್ನಬೇಕು. ಮೊದಮೊದಲು ಯಾರಿಗೂ ಏನೂ ಬೀಳುತ್ತಲೇ ಇರಲಿಲ್ಲ. ಎದೆಗೆ ಬ್ಲೇಡು ಬಾಗಿ ನಿಂತಿದ್ದರೂ "ಬಿದ್ದಿಲ್ರಿ ಸರ್" ಎಂದು ದೇವರಾಣೆ ಮಾಡುತ್ತಿದ್ದರು. ಆದರೆ ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮುಖಕ್ಕೆ ಜಾಲರಿಯ ಮಾಸ್ಕ್ ಹಾಕಿಕೊಂಡು ನಮ್ಮ ತಗಡಿನ ಶೆಡ್ಡನ್ನು ಒಂದು ಸುತ್ತು ಓಡಿದವರು ಸತ್ಯವಂತರಾಗದೆ ಬೇರೆ ದಾರಿಯಿಲ್ಲ. ಕ್ರಮೇಣ ಎಲ್ಲರೂ "ಬಿತ್ತು" ಎನ್ನಲು ಕಲಿತರು. ಬಿಡುವಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತಾ ಯುದ್ಧದ ಬಗ್ಗೆ ಕೇಳುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಹೆಚ್ಚಿನವರಿಗೆ ನಿರಾಸೆಯಾಗಿ ಇನ್ನೊಂದು ಮಿರ್ಚಿ ತೆಗೆದುಕೊಳ್ಳುತ್ತಿದ್ದರು.

ಆ ಶೆಡ್ಡಿಗೆ ಹುಲಿಗೆಮ್ಮ ಬಂದಳು. ಸಿರುಗುಪ್ಪದ ಹುಡುಗಿ, ಕಾಲೇಜು ಓದುತ್ತಿದ್ದಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಪ್ಪ ಈರಣ್ಣ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ. ಖೋ-ಖೋ ಆಡಿ ಪಳಗಿದ ಕಾಲು ಅವಳದು. ಎದುರಾಳಿಯ ಬ್ಲೇಡಿನ ಕೆಳಗಿಂದ ನೆಲದುದ್ದಕ್ಕೂ ಚಾಚಿಕೊಂಡು ಹೋಗಿ ಪಾದಕ್ಕೆ ಚುಚ್ಚುತ್ತಿದ್ದಳು. ನಾನು ಕಲಿಸಿದ್ದಲ್ಲ ಅದು, ಕಲಿಸಲೂ ಆಗುತ್ತಿರಲಿಲ್ಲ. ಅಂದು ಮರದ ಕತ್ತಿ ಹಿಡಿದು ಗೇಟಿನಲ್ಲಿ ನಿಂತದ್ದಕ್ಕೆ ದೇವರು ಕೊಟ್ಟ ಪರಿಹಾರ ಎಂದುಕೊಂಡೆ.

ಅವಳಿಗೆ ತೆಕ್ಕಲಕೋಟೆಯ ಸೋದರತ್ತೆಯ ಮಗನೊಂದಿಗೆ ಮದುವೆ ಗೊತ್ತಾಗಿತ್ತು. ಹುಡುಗ ಕೆಟ್ಟವನೇನಲ್ಲ. ಆದರೆ ಅತ್ತೆಯ ಮನೆಯಲ್ಲಿ ಸೊಸೆ ಮಾಸ್ಕ್ ಹಾಕಿಕೊಂಡು ಬಳ್ಳಾರಿಗೆ ಓಡಾಡುವುದಕ್ಕೆ ಯಾರೂ ಒಪ್ಪುವವರಿರಲಿಲ್ಲ. ಹುಲಿಗೆಮ್ಮ ಅಪ್ಪನ ಹತ್ತಿರ ಹಟ ಹಿಡಿದು ಒಂದು ಮಾತು ತೆಗೆದುಕೊಂಡಿದ್ದಳು. ಆ ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಮದುವೆಯ ಸುದ್ದಿ ಎತ್ತುವ ಹಾಗಿಲ್ಲ. ರಾಷ್ಟ್ರೀಯ ಪಂದ್ಯದಲ್ಲಿ ಆಡಿದರೆ ಕ್ರೀಡಾ ಕೋಟಾದಲ್ಲಿ ಸೈನ್ಯಕ್ಕೋ ಪೊಲೀಸಿಗೋ ಸೇರಬಹುದು ಎಂಬುದು ಅವಳ ಲೆಕ್ಕ. ಆಯ್ಕೆಯಾಗದಿದ್ದರೆ ಶ್ರಾವಣದಲ್ಲಿ ಅಕ್ಷತೆ.

ಆಯ್ಕೆ ಪಂದ್ಯದ ದಿನ ಕೊನೆಗೆ ಉಳಿದದ್ದು ಒಂದೇ ಸ್ಥಾನ, ಇಬ್ಬರು ಹುಡುಗಿಯರು. ಹುಲಿಗೆಮ್ಮ ಮತ್ತು ಬೇರೆ ಜಿಲ್ಲೆಯ ಒಬ್ಬಳು. ಲೋಹದ ಹಾಸು ಇರಲಿಲ್ಲ, ಬರೀ ಟೈಲ್ಸಿನ ನೆಲ. ಹದಿನೈದು ಅಂಕ ಮೊದಲು ಮುಟ್ಟಿದವರು ಗೆದ್ದಂತೆ. ಹದಿನಾಲ್ಕು-ಹದಿನಾಲ್ಕಕ್ಕೆ ಬಂದು ನಿಂತಿತು. ನನ್ನ ಬಾಯಿ ಒಣಗಿತ್ತು. ಯುದ್ಧದಲ್ಲೂ ಅಷ್ಟು ಒಣಗಿರಲಿಲ್ಲ, ಅಲ್ಲಿ ಬೆನ್ನ ಮೇಲೆ ನೀರಾದರೂ ಇರುತ್ತಿತ್ತು.

ಹುಲಿಗೆಮ್ಮ ತನ್ನ ಪಟ್ಟನ್ನೇ ಹಾಕಿದಳು. ನೆಲದುದ್ದಕ್ಕೂ ಚಾಚಿ ಪಾದಕ್ಕೆ ಚುಚ್ಚಿದಳು. ಅವಳ ದೀಪ ಹತ್ತಿತು. ತೀರ್ಪುಗಾರ ಅವಳತ್ತ ಕೈ ಎತ್ತಿದ. ನಾನು ಕುರ್ಚಿಯಿಂದ ಹಾರಿದೆ. ಎದುರು ಹುಡುಗಿಯ ಕೋಚ್ ಹಣೆ ಚಚ್ಚಿಕೊಂಡ. ಆಗ ಹುಲಿಗೆಮ್ಮ ಎದ್ದು ಮಾಸ್ಕ್ ಮೇಲಕ್ಕೆ ಸರಿಸಿ, ಬಸ್ಸಿನಲ್ಲಿ ಪಕ್ಕದವರಿಗೆ ಊರು ಬಂತು ಎಂದು ಹೇಳುವಷ್ಟು ಸಹಜವಾಗಿ, "ನೆಲಕ್ಕ ಬಿತ್ರಿ ಸರ್" ಅಂದಳು.

ತೀರ್ಪುಗಾರನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಬ್ಲೇಡಿನ ತುದಿಯಿಂದ ನೆಲದ ಮೇಲೆ ಜಾಗ ತೋರಿಸಿದಳು. ಅವನು ಅಂಕವನ್ನು ರದ್ದು ಮಾಡಿದ. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಟ ಮತ್ತೆ ಶುರುವಾಯಿತು. ಎದುರು ಹುಡುಗಿ ಚಪ್ಪಾಳೆ ತಟ್ಟುತ್ತಾ ಕೂರಲಿಲ್ಲ. ಒಂದೇ ಹೆಜ್ಜೆಗೆ ಬಂದು ಹುಲಿಗೆಮ್ಮನ ಭುಜಕ್ಕೆ ಚುಚ್ಚಿದಳು. ದೀಪ ಹತ್ತುವುದಕ್ಕೂ ಮೊದಲೇ ನಮ್ಮ ಹುಡುಗಿಯ ದನಿ ಕೇಳಿತು, "ಬಿತ್ರಿ."

ಇಲ್ಲಿ ನಾನು ಕಣ್ಣೊರೆಸಿಕೊಂಡು ಅವಳನ್ನು ಅಪ್ಪಿಕೊಂಡೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ನನಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

"ಬಾಯಿ ಮುಚ್ಕೊಂಡು ನಿಂದ್ರಾಕ ಏನಾಗಿತ್ತವ್ವ ನಿನಗ?"

"ಬಿದ್ರ ಬಿತ್ತು ಅನ್ಬೇಕು ಅಂತ ನೀವ ಹೇಳಿದ್ರಲ್ರಿ."

"ತಾಗಿಸ್ಕೊಂಡೋರು ಅನ್ಬೇಕು ಅಂದಿದ್ದೆ. ಚುಚ್ಚಿದೋರು ಅನ್ಬೇಕಂತ ಯಾವಾಗ ಹೇಳಿದೆ?"

"ಅನ್ಬಾರ್ದು ಅಂತನೂ ಹೇಳಿರ್ಲಿಲ್ರಿ ಸರ್" ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಅತ್ತಳು. ಸೋತದ್ದಕ್ಕಲ್ಲ, ಶ್ರಾವಣ ಹತ್ತಿರ ಬಂದದ್ದಕ್ಕೆ. ನನ್ನ ಸಿಟ್ಟು ಇಳಿದು ಎರಡು ಕೊರಗು ಉಳಿದವು. ಅವಳಂಥ ಆಟಗಾರ್ತಿ ನನಗೆ ಮತ್ತೆ ಸಿಗುವುದಿಲ್ಲ ಎಂಬುದು ಒಂದು. ನಾನು ಕಲಿಸಿದ್ದೇ ಅವಳಿಗೆ ಮುಳುವಾಯಿತು ಎಂಬುದು ಇನ್ನೊಂದು.

ನಿರ್ದೇಶಕ ಸಾಹೇಬರು ಸುದ್ದಿ ಕೇಳಿ, "ಇದನ್ನ ಪೇಪರಿನಾಗ ಹಾಕಸೋಣ, ಪ್ರಾಮಾಣಿಕತೆಗೆ ಒಂದು ಸನ್ಮಾನ ಇಟ್ಕೊಳ್ಳೋಣ" ಎಂದರು. ನಾನು ನಮಸ್ಕಾರ ಮಾಡಿ ಸಿರುಗುಪ್ಪದ ಬಸ್ಸು ಹತ್ತಿದೆ.

ಈರಣ್ಣನ ಮನೆ ಗಿರಣಿಯ ಹಿಂದಿನ ಸಾಲಿನಲ್ಲಿತ್ತು. ಗಾಳಿಯಲ್ಲಿ ಹೊಟ್ಟಿನ ಧೂಳು. ಅವನು ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ, ಹೆಗಲ ಮೇಲೆ ಇನ್ನೂ ಗೋಣಿ ತಟ್ಟು ಇತ್ತು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಎದ್ದು ಇದ್ದ ಒಂದೇ ಕುರ್ಚಿಯನ್ನು ಒರೆಸಿದ. ಹುಲಿಗೆಮ್ಮ ಚಹಾ ತಂದುಕೊಟ್ಟು ಅಡಿಗೆ ಮನೆಯ ಬಾಗಿಲಿಗೆ ಒರಗಿ ನಿಂತಳು. ಒಂದು ವರ್ಷ ಮದುವೆ ಮುಂದಕ್ಕೆ ಹಾಕು ಎಂದು ನಾನು ಕೇಳಿದೆ.

"ಸರ್, ನಿಮ್ಮ ಮ್ಯಾಲ ನನಗ ಭಾಳ ಗೌರವ ಐತ್ರಿ" ಎಂದ ಈರಣ್ಣ. "ಆದ್ರ ನೀವ ಹೇಳ್ರಿ. ಗೆದ್ದಿದ್ದನ್ನ ತಾನಾಗಿ ಬ್ಯಾಡ ಅಂದು ಬಂದಾಳ. ಒಂದು ವರ್ಷ ಕೊಟ್ರ ಮತ್ತ ಹೋಗಿ ಮತ್ತ ಬ್ಯಾಡ ಅಂತಾಳ. ನೀವು ಕಡಿಯೋ ವಿದ್ಯಾ ಕಲಸ್ತೀರಿ ಅಂತ ಕಳಿಸಿದ್ದೆ. ಸೋಲೋ ವಿದ್ಯಾ ಕಲಿಸೀರಿ."

ನಾನು ಚಹಾ ಲೋಟ ಎತ್ತಿಕೊಂಡೆ. ಅವನೇ ಮುಂದುವರಿಸಿದ. "ಇಲ್ಲೇ ಸಿರುಗುಪ್ಪದಾಗ ನಿಮಗ ಸನ್ಮಾನ ಮಾಡಿದಾಗ ನಾನೂ ಬಂದಿದ್ದೆ. ಕತ್ತಿ ಹಿಡದು ಬಂಕರಿನ್ಯಾಗ ಹೊಕ್ಕು ಅಷ್ಟೂ ಮಂದೀನ ಕಡದ್ರಂತ. ಖರೇನೇನ್ರಿ ಅದು?"

ಆಗ ನನಗೆ ದಾರಿ ಕಾಣಿಸಿತು. ಇಷ್ಟು ವರ್ಷ ಎಲ್ಲ ವೇದಿಕೆಗಳ ಮೇಲೆ ಅಲ್ಲಗಳೆದ ಕಥೆ ಒಮ್ಮೆಯಾದರೂ ಒಳ್ಳೆಯ ಕೆಲಸಕ್ಕೆ ಬರಲಿ ಎನಿಸಿತು. "ಖರೆ" ಅಂದೆ. ಅಂದಮೇಲೆ ನಿಲ್ಲಿಸಲಾಗಲಿಲ್ಲ. ಸನ್ಮಾನಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹಿಮ, ಕತ್ತಲೆ, ಬಂಕರು, ಎಡಗೈಯಲ್ಲಿ ಕತ್ತಿ, ಎಲ್ಲವನ್ನೂ ಹೇಳಿದೆ. ಮುಖ್ಯ ಅತಿಥಿಗಳಿಗಿಂತ ಚೆನ್ನಾಗಿಯೇ ಹೇಳಿದೆ ಎಂದು ನನ್ನ ಭಾವನೆ. ಈರಣ್ಣನ ಕಣ್ಣುಗಳು ಅರಳಿದವು. "ಅಂಥಾ ನಾನು ಹೇಳಾಕ ಹತ್ತೀನಿ ಈರಣ್ಣ, ಈ ಹುಡುಗಿ ಗೆಲ್ತಾಳ. ಒಂದು ವರ್ಷ ನನ್ನ ಮಾತು ನಂಬು" ಅಂದೆ. ಅವನು ತಲೆಯಾಡಿಸುವುದರಲ್ಲಿದ್ದ.

"ಸುಳ್ಳಪ್ಪಾ ಅದು" ಎಂದಳು ಹುಲಿಗೆಮ್ಮ.

ನಾನು ಕಣ್ಣಲ್ಲೇ ಗದರಿಸಿದೆ. ಪ್ರಯೋಜನವಾಗಲಿಲ್ಲ. "ಸರ್ ಯುದ್ಧದಾಗ ಕತ್ತಿ ಮುಟ್ಟಿಲ್ಲ. ಗುಡ್ಡದ ಮ್ಯಾಲಿಂದ ಹೆಣ ಹೊತ್ತು ಇಳಿಸ್ಯಾರ. ಅವರ ಜೋಡಿ ಆಡೋ ಗೆಣೆಕಾರನ್ನೂ ಹೊತ್ತಾರ. ನಮಗೆಲ್ಲ ಶೆಡ್ಡಿನಾಗ ಹೇಳ್ಯಾರ" ಎಂದಳು. ಒಂದೇ ವಾರದಲ್ಲಿ ಈ ಹುಡುಗಿ ನನ್ನನ್ನು ಎರಡನೇ ಸಲ ಸೋಲಿಸಿದ್ದಳು. ಚಹಾ ಲೋಟ ಕೆಳಗಿಟ್ಟು ಹೊರಡಲು ಎದ್ದೆ. ಈರಣ್ಣನ ಮುಖ ನೋಡುವ ಧೈರ್ಯವಿರಲಿಲ್ಲ.

"ಕುಂದರ್ರಿ" ಎಂದ ಈರಣ್ಣ.

ಕೂತೆ. ಅವನು ಹೆಗಲ ಮೇಲಿನ ಗೋಣಿ ತಟ್ಟನ್ನು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ, "ಹೆಗಲ ಮ್ಯಾಲೋ, ಬೆನ್ನ ಮ್ಯಾಲೋ?"

"ಬೆನ್ನ ಮ್ಯಾಲ."

"ಇಳಿಜಾರಿನಾಗ?"

"ಹೌದು."

"ಇಳಿಜಾರಿನಾಗ ಹೊರೋದು ಭಾಳ ತ್ರಾಸು. ಹೊರಿ ಮುಂದಕ್ಕ ನೂಕತೈತಿ." ತಟ್ಟನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದ. "ನಮಗ ಮೂಟಿ ಎತ್ತಾಕ ಇಬ್ಬರು ಬೇಕ್ರಿ. ಇಳಿಸಾಕ ಯಾರೂ ಬ್ಯಾಡ. ಬೆನ್ನು ಕೊಡವಿದ್ರ ಬೀಳ್ತೈತಿ. ನೀವು ನಿಮ್ಮ ಗೆಣೆಕಾರನ್ನ ಹೆಂಗ ಇಳಿಸಿದ್ರಿ?"

ಎಷ್ಟೋ ಸನ್ಮಾನಗಳಾಗಿದ್ದವು. ಮಂತ್ರಿಗಳು, ಪತ್ರಕರ್ತರು, ಸಾಲಿಯ ಮಕ್ಕಳು ಎಷ್ಟೋ ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಶೆಡ್ಡಿನ ಹುಡುಗರಿಗೂ ಇದನ್ನು ನಾನು ಹೇಳಿರಲಿಲ್ಲ.

"ಇಳಿಸಾಕ ಆಗ್ಲಿಲ್ಲ ಈರಣ್ಣ" ಅಂದೆ. "ಕೆಳಗ ಡೇರೆತನಕ ತಂದೆ. ಕೊಡವಿ ಹಾಕಾಕ ಅವನೇನು ಮೂಟಿ ಅಲ್ಲ. ಮೊಣಕಾಲು ಊರಿ ಕುಂತೆ, ಯಾರಾರ ಬಂದು ತಗೋತಾರಂತ. ಎಲ್ಲಾರೂ ತಮ್ಮ ತಮ್ಮ ಹೊರಿ ಇಳಿಸಾಕ ಹತ್ತಿದ್ರು. ಅವನ ಕೈ ನನ್ನ ಎದಿ ಮ್ಯಾಲ ಜೋತಾಡ್ತಿತ್ತು. ಹಂಗ ಕುಂತೆ. ಹೊತ್ತು ಮುಳುಗೋತನಕ ಕುಂತೆ."

"ಕಡೀಕ ಯಾರು ಇಳಿಸಿದ್ರು?"

"ಅಡಿಗಿ ಮಾಡೋನೊಬ್ಬ. ರೊಟ್ಟಿ ಕೊಡಾಕ ಬಂದಿದ್ದ."

ಈರಣ್ಣ ಎದ್ದ. ಗೂಡಿನಲ್ಲಿದ್ದ ಎಣ್ಣೆಯ ಬಾಟಲಿ ತೆಗೆದುಕೊಂಡ. ಮಗಳ ಕಡೆ ನೋಡಿ, "ಏ ಹುಲಿಗಿ, ನಾಳೆ ಮೊದಲ್ನೇ ಬಸ್ಸಿಗೆ ಹೋಗು. ತೆಕ್ಕಲಕೋಟಿ ಅಕ್ಕಗ ನಾನು ಹೇಳ್ತೀನಿ, ಬರೋ ವರ್ಷ ನೋಡೂಣಂತ" ಎಂದ. ಹುಲಿಗೆಮ್ಮ ಬಾಯಿಗೆ ವೇಲು ಒತ್ತಿಕೊಂಡು ಒಳಗೆ ಓಡಿದಳು.

ಆಮೇಲೆ ಅವನು ನನ್ನ ಹಿಂದೆ ಬಂದು ನೆಲದ ಮೇಲೆ ಕೂತು, "ಈ ಕಡೆ ತಿರುಗ್ರಿ, ಅಂಗಿ ಮ್ಯಾಲ ಮಾಡ್ರಿ" ಅಂದ. ಗಿರಣಿಯ ಹಮಾಲರು ಸಂಜೆ ಹೊತ್ತು ಒಬ್ಬರ ಬೆನ್ನು ಒಬ್ಬರು ತಿಕ್ಕಿಕೊಳ್ಳುತ್ತಾರಂತೆ, ನನಗೆ ಗೊತ್ತಿರಲಿಲ್ಲ. ನಾನು ಬೇಡ ಬೇಡ ಎಂದರೂ ಬಿಡದೆ ಕುರ್ಚಿಯಿಂದ ಕೆಳಗಿಳಿಸಿ ಕೂರಿಸಿದ. ಮರದ ಕೊರಡಿನಂಥ ಅಂಗೈ. ಬೆನ್ನಿನ ನಡುವೆ, ಹೊರೆ ಕೂರುವ ಜಾಗ ಯಾವುದೆಂದು ಅವನಿಗೆ ಕೇಳದೆಯೇ ಗೊತ್ತಿತ್ತು. ಅಲ್ಲಿ ಒತ್ತಿದ ಕೂಡಲೇ ನನಗೆ ಅಳು ಬಂತು. ಆ ಗುಡ್ಡದ ಬುಡದಲ್ಲಿ ಬಾರದಿದ್ದ ಅಳು. ಚಿಕ್ಕ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ನಾಚಿಕೆಯಾಗಿ ತಡೆದುಕೊಳ್ಳಲು ನೋಡಿದೆ.

ಈರಣ್ಣ ಕೈ ನಿಲ್ಲಿಸಲಿಲ್ಲ. "ಅಳ್ರಿ ಸರ್" ಎಂದ. "ಇಳೀಲಿ."